ಮೆಣಸಿನಕಾಯಿ ಹೊಲದ ಸ್ಲಿಪ್ ಟೆಸ್ಟ್

ಇವತ್ತು ಸಾಯಂಕಾಲ ಹತ್ತನೇ ಕ್ಲಾಸಿನ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದ್ದೇ ತಡ, ಸೀನು ಹತ್ತಿಕೊಂಡಿತು ನೋಡಿ. ಸೀನಿ ಸೀನಿ ಕಣ್ಣು ಮೂಗೆಲ್ಲ ನೀರು. ಮಕ್ಕಳು ಬರೆದ ಉತ್ತರ ಓದಿ ಕಣ್ಣೀರು ಬರುವುದು ನನಗೆ ಹೊಸದೇನಲ್ಲ, ಆದರೆ ಇದು ಆ ಕಣ್ಣೀರಲ್ಲ. ತಪ್ಪು ನನ್ನದೇ. ಮಧ್ಯಾಹ್ನ ಆದೋನಿಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಲು ರಕ್ತದ ಲ್ಯಾಬಿಗೆ ಹೋಗಿದ್ದೆ. ಅಲ್ಲಿ ಒಬ್ಬರು ಹೊಸ ಒಣಮೆಣಸಿನಕಾಯಿಯ ಪೊಟ್ಟಣ ಕೊಟ್ಟರು. ಪೇಪರಿನ ಕಟ್ಟು ಇದ್ದ ಚೀಲಕ್ಕೇ ಅದನ್ನೂ ತುರುಕಿದೆ. ಆಟೋದಲ್ಲಿ ಆರು ಜನರ ನಡುವೆ ಪೊಟ್ಟಣ ಒಡೆಯದೆ ಇದ್ದೀತೇ? ಈಗ ನೋಡಿದರೆ ಆಮ್ಲ, ಪ್ರತ್ಯಾಮ್ಲ, ಓಮ್‌ನ ನಿಯಮ ಎಲ್ಲದಕ್ಕೂ ಖಾರ ಹತ್ತಿದೆ. ಪೊಟ್ಟಣ ಕೊಟ್ಟವರು ಯಾರು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಮುಖ ತೊಳೆದು ಬರುತ್ತೇನೆ, ಇರಿ.

ನಾನು ಸೈನ್ಸ್ ಟೀಚರು. ಆದೋನಿಯಿಂದ ಪಡುವಣಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು ಹೋದರೆ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ, ಕನ್ನಡ ಮೀಡಿಯಂ ಮಕ್ಕಳಿಗೆ. ನಾನು ಓದಿದ್ದು ಜೀವಶಾಸ್ತ್ರ. ಫಿಸಿಕ್ಸು ಕೆಮಿಸ್ಟ್ರಿ ಹೇಳುತ್ತಿದ್ದ ಸಾರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. "ಮೀರು ಉನ್ನಾರು ಕದಾ ಮೇಡಂ, ಕೊಂಚೆಂ ಸರ್ದುಕೋಂಡಿ," ಅಂದರು ಹೆಡ್‌ಮಾಸ್ಟರು. ನೀವಿದ್ದೀರಲ್ಲ, ಸ್ವಲ್ಪ ಹೊಂದಿಸಿಕೊಳ್ಳಿ ಅಂತ. ಹೊಂದಿಸಿಕೊಂಡೆ. ಕಪ್ಪೆಯ ಜೀರ್ಣಾಂಗವೂ ನನ್ನದೇ, ನಿಮ್ನ ದರ್ಪಣವೂ ನನ್ನದೇ. ಮೊದಲ ಸಲ ಬೋರ್ಡಿನ ಮೇಲೆ ವಿದ್ಯುತ್ ಮಂಡಲ ಬರೆದಾಗ ನನ್ನ ಬಲ್ಬು ಬದನೆಕಾಯಿಯಂತೆ ಬಂತು. ಅಲ್ಲಿಂದ ಎಷ್ಟೋ ಬ್ಯಾಚು ದಾಟಿದರೂ ನಮ್ಮ ಶಾಲೆಯಲ್ಲಿ ಬಲ್ಬು ಅಂದರೆ ಬದನೆಕಾಯಿಯೇ.

ಇನ್ನು ಸ್ಲಿಪ್ ಟೆಸ್ಟು. ಇದು ನಮ್ಮ ಆಂಧ್ರದ ಶಾಲೆಗಳ ನಿತ್ಯದ ಕಾಟ. ಒಂದು ಪಾಠ ಮುಗಿದರೆ ಟೆಸ್ಟು, ಅರ್ಧ ಮುಗಿದರೆ ಟೆಸ್ಟು, ಮೇಲಿನವರಿಗೆ ಬೇಜಾರಾದರೆ ಇನ್ನೊಂದು ಟೆಸ್ಟು. ಪ್ರಶ್ನೆ ತೆಲುಗಿನಲ್ಲಿ ಬರುತ್ತದೆ, ನಾನು ಕನ್ನಡ ಮಾಡಿ ಬೋರ್ಡಿನ ಮೇಲೆ ಬರೆಯಬೇಕು, ಮಕ್ಕಳು ಅದನ್ನು ತಮಗೆ ತಿಳಿದ ಭಾಷೆಗೆ ಇಳಿಸಿಕೊಂಡು ಬರೆಯಬೇಕು. ತಿದ್ದುವಷ್ಟರಲ್ಲಿ ನನಗೆ ಎರಡೂ ಭಾಷೆ ಸಾಕಾಗಿರುತ್ತವೆ. ದ್ಯುತಿಸಂಶ್ಲೇಷಣೆಗೆ ಏನೇನು ಬೇಕು ಎಂದರೆ "ಗಿಡ, ನೀರು, ಮೋಟರಿಗೆ ಕರೆಂಟು" ಎಂದು ಬರೆದವರಿದ್ದಾರೆ. ಶ್ವಾಸಕೋಶದ ಕೆಲಸವೇನು ಎಂದರೆ ಒಬ್ಬ "ಕೆಮ್ಮುವುದು" ಎಂದು ಬರೆದಿದ್ದ. ಕೆಂಪು ಗೀಟು ಎಳೆಯಲು ಹೋದವಳು ಹೆಸರು ನೋಡಿ ನಿಂತೆ. ಅವನ ಅಪ್ಪ ಹತ್ತಿಯ ಜಿನ್ನಿಂಗ್ ಮಿಲ್ಲಿನ ದೂಳಿನಲ್ಲಿ ಕೆಲಸಕ್ಕಿದ್ದವನು. ಅರ್ಧ ಅಂಕ ಕೊಟ್ಟೆ.

ದೀಪಾವಳಿ ಆಯಿತೆಂದರೆ ನಮ್ಮ ಬೆಂಚುಗಳು ಖಾಲಿಯಾಗತೊಡಗುತ್ತವೆ. ಊರಿಗೆ ಊರೇ ಗುಂಪು ಕಟ್ಟಿಕೊಂಡು ಗುಂಟೂರಿನ ಕಡೆಗೆ ಹತ್ತಿ ಬಿಡಿಸಲು, ಆಮೇಲೆ ಮೆಣಸಿನಕಾಯಿ ಬಿಡಿಸಲು ಹೋಗುತ್ತದೆ. ಹಾಸಿಗೆ, ಪಾತ್ರೆ, ಕೋಳಿ, ಮಕ್ಕಳು ಎಲ್ಲ ಒಂದೇ ಲಾರಿಯಲ್ಲಿ. ನಾನು ಹಾಜರಿ ಕರೆಯುವಾಗ ಉತ್ತರ ಕೊಡುವುದು ಫ್ಯಾನು ಮಾತ್ರ. ಹೇಳಿ ನೋಡಿದ್ದೇನೆ, ಬೈದು ನೋಡಿದ್ದೇನೆ, ಮನೆಮನೆಗೆ ಹೋಗಿ ಮಜ್ಜಿಗೆ ಕುಡಿದು ಬಂದಿದ್ದೇನೆ. ಮಜ್ಜಿಗೆ ಮಾತ್ರ ಚೆನ್ನಾಗಿರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಹಾಗೆ ಹೋದವರಲ್ಲಿ ಈರಮ್ಮ ಒಬ್ಬಳು. ಉರುಕುಂದದ ಈರಣ್ಣನ ಮೇಲಿನ ಭಕ್ತಿಯಿಂದ ನಮ್ಮ ಕಡೆ ಕ್ಲಾಸಿನ ಅರ್ಧ ಈರಣ್ಣ, ಉಳಿದರ್ಧ ಈರಮ್ಮ, ಆದರೆ ನಾನು ಹೇಳುವ ಈರಮ್ಮ ಒಬ್ಬಳೇ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಹೇಳಿಬಿಡುತ್ತಿದ್ದಳು. "ಏ, ಪೂರ್ತಿ ಕೇಳೇ ತಾಯಿ," ಎಂದು ದಿನಕ್ಕೊಮ್ಮೆಯಾದರೂ ಗದರುತ್ತಿದ್ದೆ. ಅಪ್ಪ ಇರಲಿಲ್ಲ. ಅವ್ವ ಹುಲಿಗೆಮ್ಮ ಮತ್ತು ಆಕೆ, ಇಬ್ಬರೇ.

ಆ ಇಬ್ಬರೇ ಅನ್ನುವುದರಲ್ಲೇ ಎಲ್ಲ ಇತ್ತು. ಮೆಣಸಿನಕಾಯಿ ಹೊಲದಲ್ಲಿ ಆ ಗುಂಪಿನವರು ಸಾಲನ್ನು ಜೋಡಿಗೆ ಹಂಚುತ್ತಾರೆ. ಒಬ್ಬರು ಗಿಡದ ಈ ಮಗ್ಗುಲು, ಇನ್ನೊಬ್ಬರು ಆ ಮಗ್ಗುಲು ಬಿಡಿಸುತ್ತ ಒಂದೇ ವೇಗದಲ್ಲಿ ಮುಂದೆ ಹೋಗಬೇಕು. ಜೋಡಿ ಇಲ್ಲದವರು ಒಂಟಿಯಾಗಿ ಎರಡೂ ಕಡೆ ಬಗ್ಗಬೇಕು, ಹಿಂದೆ ಬೀಳಬೇಕು, ಮೇಸ್ತ್ರಿಯ ಬಾಯಿಗೆ ಬೀಳಬೇಕು. ಹುಲಿಗೆಮ್ಮನ ಜೋಡಿ ಈರಮ್ಮ.

ಲಾರಿ ಹೊರಡುವ ಹಿಂದಿನ ದಿನ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. "ಟೀಚರ್, ನಾನು ಟೆಸ್ಟಿಗೆ ಇರಂಗಿಲ್ಲ. ಫೋನಿನಾಗ ಕೇಳ್ರಿ." "ಆಯ್ತೇಳು, ಕೇಳೋಣು," ಅಂದೆ. ಆ ಹೊತ್ತಿಗೆ ಆಕೆಯನ್ನು ಸಾಗಹಾಕುವುದಷ್ಟೇ ನನಗೆ ಬೇಕಿತ್ತು, ತಲೆನೋವು ಬೇರೆ. ಆಕೆ ಮಾತ್ರ ನಿಜ ಅಂದುಕೊಂಡಳು. ಮುಂದಿನ ವಾರ ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. "ಅಮ್ಮಾ, ನಮಸ್ಕಾರಂ. ಈ ಹುಡುಗಿಗೆ ಅದೇನೋ ಎಗ್ಜಾಮ್ ಅಂತಲ್ರಿ," ಎಂದ ಒಬ್ಬ ಗಂಡಸು. ಗುಂಪಿನ ಮೇಸ್ತ್ರಿ. ಫೋನು ಅವನದು, ಸ್ಪೀಕರಿನಲ್ಲಿ ಇಟ್ಟಿದ್ದ.

ಹೀಗೆ ಶುರುವಾಯಿತು ನಮ್ಮ ಪರೀಕ್ಷೆ, ವಾರಕ್ಕೆರಡು ಸಲ. ನಾನು ಇಲ್ಲಿ ರೊಟ್ಟಿ ತಟ್ಟುತ್ತ ಕೇಳುವುದು, ಆಕೆ ಅಲ್ಲಿ ಒಲೆಯ ಮುಂದೆ ಕೂತು ಹೇಳುವುದು. ಸ್ಪೀಕರು ಅಂದರೆ ಗೊತ್ತಲ್ಲ, ಇಡೀ ಗುಂಪಿಗೆ ಪರೀಕ್ಷೆ. ನಿಂಬೆಹಣ್ಣಿನ ರಸ ನೀಲಿ ಲಿಟ್ಮಸನ್ನು ಏನು ಮಾಡುತ್ತದೆ ಎಂದರೆ ಹಿಂದಿನಿಂದ ಒಬ್ಬಾಕೆ "ಹುಳಿ ಮಾಡ್ತೈತಿ" ಅನ್ನುವಳು, ಇನ್ನೊಬ್ಬ "ಏ, ಕೆಂಪಗ, ಕೆಂಪಗ" ಅನ್ನುವನು, ನಗು ಬೇರೆ. ನಾನು ರೇಗಿ ಕೂಗಿದೆ: "ಯಾರೂ ಬಾಯಿ ಬಿಡಬ್ಯಾಡ್ರಿ! ಪರೀಕ್ಷಿ ನಡದೈತಿ!" ಒಂದು ಗಳಿಗೆ ಗಪ್‌ಚಿಪ್ ಆಯಿತು. ದೂರದ ಜಿಲ್ಲೆಯ ಹೊಲದಲ್ಲಿ ಕೂತ ಅಷ್ಟೊಂದು ಜನ ನನ್ನ ಮಾತು ಕೇಳಿದ್ದು ನೋಡಿ ನನಗೇ ಆಶ್ಚರ್ಯ. ಕ್ಲಾಸಿನಲ್ಲಿ ಯಾರು ಕೇಳುತ್ತಾರೆ?

ಒಂದು ಸಂಜೆ ಹೃದಯದ ಪಾಠ. "ಮನುಷ್ಯನ ಹೃದಯದಾಗ ಕೋಣಿ ಎಷ್ಟು?" ಅಂದೆ. "ನಾಲ್ಕು ಟೀಚರ್, ಮ್ಯಾಲ ಎರಡು, ಕೆಳಗ ಎರಡು," ಎಂದು ಈರಮ್ಮ ಹೇಳಿ ಮುಗಿಸುವಷ್ಟರಲ್ಲಿ ಹುಲಿಗೆಮ್ಮನ ದನಿ ಬಂತು: "ಅಲ್ಲಬೇ, ನಮಗ ಇಲ್ಲಿ ಒಂದು ಕೋಣಿನೂ ಇಲ್ಲ, ಟಾರ್ಪಾಲ್ ಕಟ್ಟಿಕೊಂಡು ಬಿದ್ದೀವಿ. ಎದ್ಯಾಗ ನಾಲ್ಕು ಇಟ್ಟಾನಂತ ದೇವರು!" ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ, ರೊಟ್ಟಿ ಸೀದುಹೋಯಿತು. ಆ ಮಾತು ಗುಂಪಿನಲ್ಲಿ ಎಷ್ಟು ನಿಂತಿತೆಂದರೆ ಆಮೇಲೆ ಮೇಸ್ತ್ರಿ ಫೋನು ಹಚ್ಚಿದಾಗಲೆಲ್ಲ "ನಾಲ್ಕು ಕೋಣಿ ಟೀಚರಮ್ಮಾ, ಬಾಗುನ್ನಾರಾ?" ಎಂದು ಕ್ಷೇಮ ಕೇಳಿಯೇ ಶುರುಮಾಡುತ್ತಿದ್ದ.

ಇನ್ನೊಂದು ಸಂಜೆ ಹುಲಿಗೆಮ್ಮ ನನ್ನನ್ನೇ ಕೇಳಿದಳು. "ಟೀಚರ್, ಈ ಮೆಣಸಿನಕಾಯಿ ಖಾರ ನೀವು ಹೇಳೋ ಆಮ್ಲ ಏನ್ರಿ, ಮತ್ತೊಂದೇನ್ರಿ? ಕೈ ಭಾಳ ಉರೀತಾವ." ಪುಸ್ತಕದಲ್ಲಿ ಇಲ್ಲದ್ದು. "ಹುಡುಕಿ ಹೇಳ್ತೀನಿ," ಎಂದು ತಪ್ಪಿಸಿಕೊಂಡು, ಹುಡುಕಿ, ಮುಂದಿನ ಸಲ ಹೇಳಿದೆ: ಅದು ಹುಳಿಯಲ್ಲ, ಸುಣ್ಣವಲ್ಲ, ಬೇರೆಯೇ; ನೀರಿಗೆ ಹೋಗುವುದಿಲ್ಲ, ಎಣ್ಣೆ ಹಚ್ಚಿ ಒರೆಸಿಕೊಂಡು ಆಮೇಲೆ ಸಬಕಾರ ಹಾಕಿ ತೊಳೆಯಬೇಕು. "ಅದು ಮೊದಲಿಂದನೂ ಮಾಡ್ತೀವಿ ಬಿಡ್ರಿ. ಯಾಕಂತ ಗೊತ್ತಿದ್ದಿಲ್ಲ," ಅಂದಳು. ಅಲ್ಲಿಂದ ಪರೀಕ್ಷೆಯ ದಿನ ಆಕೆ ಒಲೆ ಬಿಟ್ಟು ಫೋನಿನ ಹತ್ತಿರವೇ ಕೂರುತ್ತಿದ್ದಳಂತೆ.

ಹೀಗೆ ಬಂತು ಪಬ್ಲಿಕ್ ಪರೀಕ್ಷೆಯ ಹೊತ್ತು. ಹಾಲ್ ಟಿಕೆಟು ಬಂದು ನನ್ನ ಮೇಜಿನಲ್ಲಿ ಕೂತಿತ್ತು. ಆ ಕಡೆ ಮೆಣಸಿನಕಾಯಿ ಹಣ್ಣಾಗಿ ಉದುರುವ ಹೊತ್ತೂ ಅದೇ. ಈರಮ್ಮ ಈಗ ಬಾರದಿದ್ದರೆ ಇನ್ನು ಬರುವುದಿಲ್ಲ, ಹಾಗೆ ಸಾಲಿನಲ್ಲೇ ಉಳಿದುಹೋದ ಎಷ್ಟು ಹುಡುಗಿಯರನ್ನು ನಾನು ಕಂಡಿಲ್ಲ! "ಕಳಿಸವ್ವ," ಎಂದು ಹುಲಿಗೆಮ್ಮನನ್ನು ಫೋನಿನಲ್ಲೇ ಬೇಡಿಕೊಂಡೆ. "ನನ್ನ ಜೋಡಿ ಯಾರ್ರಿ ಟೀಚರ್? ಪರೀಕ್ಷಿ ಪಾಸಾಗದಿದ್ರ ಅಲ್ಲಿನೂ ಇಲ್ಲ, ಇಲ್ಲಿನೂ ಇಲ್ಲ ಆಗ್ತೈತಿ ನಮ್ಮ ಬಾಳು," ಅಂದಳು ಹುಲಿಗೆಮ್ಮ. ಆಮೇಲೆ ತಾನೇ ಒಂದು ಶರತ್ತು ಹಾಕಿದಳು. "ನಾಳಿ ಸಂಜಿಕ ಕೇಳ್ರಿ. ಎಲ್ಲಾ ಬರೋಬ್ಬರಿ ಹೇಳಿದ್ರ ಬಸ್ ಹತ್ತಸ್ತೀನಿ. ಹೇಳಲಿಲ್ಲಾಂದ್ರ ಇಲ್ಲೇ ಇರ್ತಾಳ. ಆಮ್ಯಾಲ ನೀವೂ ಫೋನ್ ಮಾಡಬಾರದು, ನಾನೂ ಎತ್ತಂಗಿಲ್ಲ."

ಮಾರನೆಯ ದಿನ ನಾನು ಪಾಠ ಮಾಡಿದೆನೋ ಇಲ್ಲವೋ ನೆನಪಿಲ್ಲ. ಚಿತ್ರದಲ್ಲಿ ಬಾಣದ ಗುರುತು ಇಲ್ಲದಿದ್ದರೆ ಅರ್ಧ ಅಂಕ ಕತ್ತರಿಸುವವಳು ನಾನು, ಆವತ್ತು ಅಂಗನವಾಡಿ ಕೂಸೂ ಹೇಳಬಹುದಾದ ಪ್ರಶ್ನೆ ಹುಡುಕುತ್ತ ಕೂತಿದ್ದೆ.

ಸಂಜೆ ಫೋನು ಹಚ್ಚಿದೆ. ಮೇಸ್ತ್ರಿ ನಾಲ್ಕು ಕೋಣಿ ಎನ್ನಲಿಲ್ಲ, ಸುಮ್ಮನೆ ಸ್ಪೀಕರಿಗೆ ಹಾಕಿದ. "ಎಲಿ ಹಸರಾಗಿರೋದಕ್ಕ ಏನು ಕಾರಣ, ಈರಮ್ಮ?" "ಪತ್ರಹರಿತ್ತು ಟೀಚರ್." ಅಬ್ಬಾ ಅಂದುಕೊಂಡೆ. "ನಿಂಬಿಹಣ್ಣಿನ ರಸಕ್ಕ ನೀಲಿ ಲಿಟ್ಮಸ್ ಯಾವ ಬಣ್ಣ ಆಗ್ತೈತಿ?" "ಗೊತ್ತಿಲ್ಲ ಟೀಚರ್." ಈರಮ್ಮನ ಬಾಯಲ್ಲಿ ಗೊತ್ತಿಲ್ಲ ಅನ್ನುವ ಮಾತು ನಾನು ಅದೇ ಮೊದಲು ಕೇಳಿದ್ದು. ಹೆದರಿಕೊಂಡಿದ್ದಾಳೆ ಅಂದುಕೊಂಡೆ. ಕೈಯಲ್ಲಿದ್ದ ಪ್ರಶ್ನೆಗಳನ್ನೆಲ್ಲ ಬಿಟ್ಟು, ಆ ಗುಂಪಿನ ನಾಯಿಗೂ ಬಾಯಿಪಾಠವಾಗಿದ್ದದ್ದನ್ನು ಕೇಳಿದೆ. "ಹೋಗಲಿ, ಹೃದಯದಾಗ ಕೋಣಿ ಎಷ್ಟವ್ವ?"

"ಮೂರು," ಅಂದಳು.

ಯಾರೂ ನಗಲಿಲ್ಲ. ಯಾರೋ ಕೆಮ್ಮಿದರು. ನನಗೆ ಆಗ ಹೊಳೆಯಿತು. ಹೊಳೆದರೇನು? ಪರೀಕ್ಷೆ ಮಾಡುವವಳು ನಾನು, ಶರತ್ತು ಒಪ್ಪಿಕೊಂಡವಳೂ ನಾನು. ಹುಡುಗಿ ತಪ್ಪು ಹೇಳಿದ್ದಾಳೆ, ಮುಗಿಯಿತು.

ಆಗ ಹುಲಿಗೆಮ್ಮ ಮಾತಾಡಿದಳು. "ಸುಳ್ಳು ಹೇಳ್ತಾಳ ಟೀಚರ್ ಈಕಿ. ನಾಲ್ಕು. ಮ್ಯಾಲ ಎರಡು, ಕೆಳಗ ಎರಡು. ಲಿಟ್ಮಸ್ ಕೆಂಪಗ ಆಗ್ತೈತಿ. ನಾನು ಕೇಳಿಲ್ಲೇನ್ರಿ ಇಷ್ಟು ದಿನ? ಈಕಿಗೆ ಎಲ್ಲಾ ಬರ್ತೈತಿ. ನನ್ನ ಸಾಲು ಬಿಟ್ಟು ಹೋಗಬಾರದಂತ ಸುಳ್ಳು ಹೇಳ್ತಾಳ." ಹಿಂದೆ ಈರಮ್ಮ "ಅವ್ವಾ, ಬ್ಯಾಡವ್ವಾ" ಎಂದು ಅಳುವುದು ಕೇಳಿಸಿತು. "ಬಾಯಿ ಮುಚ್ಚೇ," ಎಂದು ಮಗಳನ್ನು ಗದರಿ, ಹುಲಿಗೆಮ್ಮ ನನಗೆ ಹೇಳಿದಳು: "ನಾಳಿ ಬಸ್ ಹತ್ತಸ್ತೀನಿ. ಆದೋನಿ ಬಸ್ ಸ್ಟ್ಯಾಂಡಿನಾಗ ನೀವೇ ಇರಬೇಕು ನೋಡ್ರಿ, ಮತ್ತ ಯಾರನ್ನೂ ಕಳಿಸಬ್ಯಾಡ್ರಿ."

ಫೋನು ಇಟ್ಟು ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಅಷ್ಟು ವರ್ಷ ಅಷ್ಟು ಪ್ರಶ್ನೆ ಕೇಳಿದ್ದೇನೆ, ಅಂಥ ಉತ್ತರ ನನಗೆ ಯಾರೂ ಕೊಟ್ಟಿರಲಿಲ್ಲ. ಮಾರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಈರಮ್ಮ ಇಳಿದಳು. ನನ್ನ ಮುಖ ನೋಡಲಿಲ್ಲ. ನನ್ನ ಮನೆಯಲ್ಲೇ ಇದ್ದು ಪರೀಕ್ಷೆ ಬರೆದಳು. ಬೆರಳಿನ ಖಾರ ಹೋಗಿರಲಿಲ್ಲ, ಕಣ್ಣು ಉಜ್ಜಿಕೊಂಡಾಗಲೆಲ್ಲ ಉರಿ. ಅದು ಖಾರಕ್ಕೋ, ಅವ್ವನಿಗೋ ಎಂದು ನಾನು ಕೇಳಲಿಲ್ಲ. ಪಾಸಾದಳು. ಅವ್ವ ಆ ಸುಗ್ಗಿಯೆಲ್ಲ ಒಬ್ಬಳೇ ಸಾಲಿನ ಎರಡೂ ಮಗ್ಗುಲು ಬಿಡಿಸಿದಳು.

ಆಮೇಲೆ ಕೆಲವು ವರ್ಷ ಫೋನಿನ ಪರೀಕ್ಷೆ ನಡೆಸಿದೆ. ಹೋದ ಮಕ್ಕಳಲ್ಲಿ ಕೆಲವರು ಬಂದರು, ಬಹಳ ಜನ ಬರಲಿಲ್ಲ. ಈ ಸಲ ಸಾಕೆನಿಸಿ ಬಿಟ್ಟುಬಿಟ್ಟೆ. ಮೊಣಕಾಲು ನೋವು, ಕಣ್ಣಿಗೆ ಪೊರೆ, ರಿಟೈರಾಗಲು ಇನ್ನೆಷ್ಟು ದಿನ ಎಂಬ ಲೆಕ್ಕ. ನಾನೊಬ್ಬಳು ರೊಟ್ಟಿ ಸೀಯಿಸಿಕೊಂಡರೆ ಯಾರ ಬಾಳು ಬದಲಾದೀತು, ಹೇಳಿ. ಈ ವರ್ಷ ಖಾಲಿಯಾದ ಬೆಂಚಿನಲ್ಲಿ ಮಾರೆಮ್ಮ ಎಂಬ ಹುಡುಗಿ ಕೂರುತ್ತಿದ್ದಳು. ಆಕೆಯ ಹೆಸರು ಹಾಜರಿಯಲ್ಲಿ ಕರೆಯುವುದನ್ನೂ ಬಿಟ್ಟಿದ್ದೆ.

ಇವತ್ತು ಲ್ಯಾಬಿನಲ್ಲಿ ಸೂಜಿ ಹಿಡಿದು ನನ್ನ ಬೆರಳು ಚುಚ್ಚಿದವಳು ಈರಮ್ಮ. ಅಲ್ಲೇ ಕೆಲಸಕ್ಕಿದ್ದಾಳೆ, ಬಿಳಿ ಕೋಟು ಹಾಕುತ್ತಾಳೆ. ಕಾಗದ ನೋಡಿ, "ಟೀಚರ್, ಸಕ್ಕರಿಯಾಗ ನೀವು ಫೇಲ್," ಎಂದು ನಕ್ಕಳು. "ಇನ್ನೊಮ್ಮೆ ಪರೀಕ್ಷಿ ಮಾಡು, ಅರ್ಧ ಮಾರ್ಕು ಹಾಕು," ಅಂದೆ. ಪೊಟ್ಟಣ ಕೊಟ್ಟಳು. "ಅವ್ವ ಕಳಿಸ್ಯಾಳ. ಬ್ಯಾಡ ಅಂದ್ರ ಕೇಳಂಗಿಲ್ಲ, ಈ ಸಲನೂ ಹೋಗ್ಯಾಳ. ಮಾರೆಮ್ಮ ಆಕಿ ಜೋಡಿ ಅಂತ." ಹತ್ತಿಯಿಂದ ನನ್ನ ಬೆರಳು ಒರೆಸುತ್ತ ಮೆಲ್ಲಗೆ ಹೇಳಿದಳು: "ಟೀಚರ್ ಈ ಸಲ ಯಾಕ ಫೋನ್ ಮಾಡವಲ್ಲರು ಅಂತ ಕೇಳಾಕ ಹೇಳ್ಯಾಳ."

ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ. ನಿಜ ಹೇಳಬೇಕೆಂದರೆ ಬಸ್ಸೇನೂ ಇರಲಿಲ್ಲ, ಆಟೋ ಹಿಡಿದು ಮನೆಗೆ ಬಂದೆ.

ಈಗ ಮುಖ ತೊಳೆದು ಬಂದರೂ ಸೀನು ನಿಂತಿಲ್ಲ. ಪೇಪರು ಬಿಟ್ಟು, ಒಲೆಯ ಮೇಲಿನ ಹಂಚು ಇಳಿಸಿ, ಫೋನು ಹಚ್ಚಿದೆ. ಮೇಸ್ತ್ರಿಗೆ ನಂಬಲಾಗಲಿಲ್ಲ. "ನಾಲ್ಕು ಕೋಣಿ ಟೀಚರಮ್ಮಾ!" ಎಂದು ಕೂಗಿದ. ಹಿಂದೆ ಗದ್ದಲ, ಪಾತ್ರೆಯ ಸಪ್ಪಳ, ಮಕ್ಕಳ ಅಳು. "ಮಾರೆಮ್ಮನ್ನ ಕರೀರಿ," ಅಂದೆ. ಹುಡುಗಿ ಬಂದಳು, ಹೆದರಿ ಉಸಿರು ಬಿಡುವುದು ಕೇಳಿಸುತ್ತಿತ್ತು. ಗದ್ದಲ ಮಾತ್ರ ನಿಲ್ಲಲಿಲ್ಲ.

ನಾನು ಬಾಯಿ ತೆರೆಯುವ ಮುಂಚೆ ಫೋನಿನ ಹತ್ತಿರದಿಂದ ಹುಲಿಗೆಮ್ಮ ಗದರಿದಳು. "ಯಾರೂ ಬಾಯಿ ಬಿಡಬ್ಯಾಡ್ರಿ! ಪರೀಕ್ಷಿ ನಡದೈತಿ!"

ಹೊಲವೆಲ್ಲ ಸುಮ್ಮನಾಯಿತು. ನಾನು ಮೊದಲ ಪ್ರಶ್ನೆ ಕೇಳಿದೆ.