ಬೋನು ಎನ್ನಬಾರದ ಮನೆ

ಇವತ್ತು ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಆಂಡರ್ಸನ್‌ಪೇಟೆಯ ಅಂಗಡಿಯೊಂದರ ಮುಂದೆ ಇಲಿಬೋನುಗಳು ತೂಗುತ್ತಿದ್ದವು. ಇಲಿಗೆಂದು ಅಮ್ಮ ಸುಡುತ್ತಿದ್ದ ಕೊಬ್ಬರಿಯ ವಾಸನೆ ಮೂಗಿಗೆ ಬಂದಂತಾಯಿತು.

ಅಪ್ಪ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು. ಕೆಲಸಗಾರರನ್ನು ಆಳಕ್ಕೆ ಇಳಿಸುವ ಕಬ್ಬಿಣದ ಪಂಜರವನ್ನು ಎಲ್ಲರೂ ‘ಕೇಜು’ ಎನ್ನುತ್ತಿದ್ದರು. ಹಳ್ಳಿಯಿಂದ ಬಂದ ಅಜ್ಜಿಗೆ ಮಾತ್ರ ಅದು ‘ಬೋನು’.

“ಅತ್ತೇ, ಅಂಗನ್ಬೇಡಿ. ಬೋನು ಇಲೀಗಿಡೋದು,” ಎಂದು ಅಮ್ಮ ಬೆದರುತ್ತಿದ್ದಳು.

“ಬಾಗ್ಲು ಆಚೆಯಿಂದ ಆಕ್ತಾರೆ ಅಂದ್ಮೇಲೆ ಇನ್ನೇನಮ್ಮಾ ಅದು?” ಎನ್ನುತ್ತಿದ್ದಳು ಅಜ್ಜಿ.

ಆಮೇಲೆ ಅಪ್ಪ ಗಣಿಯೊಳಗಿರುವಷ್ಟು ಹೊತ್ತೂ ಅಮ್ಮ ಮನೆಯಲ್ಲಿ ಬೋನು ಇಡುವುದನ್ನೇ ಬಿಟ್ಟಳು. ಅಕ್ಕಿ ಚೀಲದ ಹಿಂದೆ ಇಲಿಗಳ ಕರಕರ ಕೇಳುತ್ತಾ ಸುಮ್ಮನೆ ಕೂತಿರುತ್ತಿದ್ದೆವು. ಒಂದು ಮಧ್ಯಾಹ್ನ ಅಜ್ಜಿ ತಡೆಯಲಾರದೆ ತಾನೇ ಇಟ್ಟಳು. ಫಟ್ಟೆಂದು ಬಾಗಿಲು ಬಿತ್ತು. ಅಮ್ಮ ಓಡಿಬಂದು ಬಾಗಿಲೆತ್ತಿ ಇಲಿಯನ್ನು ಬಿಟ್ಟಳು.

“ಓಗು, ಮನೆಗೋಗು.”

ಸಂಜೆ ಅಪ್ಪನ ಬೂಟಿನ ಸದ್ದು ಕೇಳುವವರೆಗೂ ಅವಳು ಹೊಸಿಲು ಬಿಟ್ಟು ಏಳಲಿಲ್ಲ.

ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅಪ್ಪನ ಕೆಮ್ಮು ಮಾತ್ರ ನಿಂತಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಇರುವುದು ನೆಲಮಾಳಿಗೆಯಲ್ಲಿ. ಬಾಗಿಲು ಮುಚ್ಚಿಕೊಂಡು ಲಿಫ್ಟು ಕೆಳಗಿಳಿಯತೊಡಗಿದಾಗ ಅಪ್ಪ ನನ್ನ ಮುಂಗೈ ಹಿಡಿದರು.

“ಬಾಗ್ಲು ಆಚೆಯಿಂದ ಆಕ್ಬಿಟ್ರಾ ಮಗ್ಳೇ?”