ಹನ್ನೊಂದು ಎಣಿಸುವಷ್ಟು ಹೊತ್ತು

ಬುಗುರಿ ಮೊದಲ ಸಲ ಮನೆಗೆ ಬಂದ ದಿನ, ಹೊಲಿಗೆಯಮ್ಮ ಕೊಟ್ಟ ಚಹಾವನ್ನು ನಿಂತೇ ಕುಡಿದಳು. ಅದೂ ಅರ್ಧ. ಉಳಿದರ್ಧ ಕಿಟಕಿಯ ಕಟ್ಟೆಯ ಮೇಲೆ ತಣ್ಣಗಾಯಿತು. ಬುಗುರಿಯ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವಳಿಗಿಂತ ಮೊದಲು ಅದೇ ಮಾತಾಡುತ್ತಿತ್ತು.

"ಕಣ್ಣು ಮಂಜಾದ್ರೂ ಬೆರಳಲ್ಲೇ ಹೊಲೀತೀರಂತೆ, ನಿಜವಾ ಅಮ್ಮ?"

"ಮೊದ್ಲು ಕೂತ್ಕೋ ತಾಯಿ. ನೀನು ತಿರುಗ್ತಿದ್ರೆ ನಂಗೆ ತಲೆ ಸುತ್ತತ್ತೆ."

ಕೂತಳು. ಮೊಣಕಾಲು ಮಾತ್ರ ಕೂರಲಿಲ್ಲ. ಹದಿನಾಲ್ಕು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ, ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ಉಸಿರು ಬಿಡದೆ ಕೂಗಿದವಳು ಅವಳು. ಈಗ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಗೋಡೆಗೆ ಕಂಬಳಿ ಬಡಿದುಕೊಂಡು, ಸಮುದಾಯ ರೇಡಿಯೊ ನಡೆಸುತ್ತಿದ್ದಳು. ಅದರ ದನಿ ರೈಲ್ವೆ ಗೇಟಿನಾಚೆ ಹೋಗುತ್ತಿರಲಿಲ್ಲ. ಗೇಟಿನಾಚೆಯ ಹಾಸ್ಟೆಲಿನಲ್ಲಿ ಕಣ್ಣು ಕಾಣದ ಏಳು ಹೆಂಗಸರಿದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುವ ಕೆಲಸ ಅವರಿಗೆಂದೇ ಖಾಲಿಯಿತ್ತು. ತಿಂಗಳ ಕೊನೆಗೆ ಪರೀಕ್ಷೆ. ಹೊಲಿಗೆ ಕಲಿಸುವವರು ಹಾಸ್ಟೆಲಿನಲ್ಲಿ ಯಾರೂ ಇರಲಿಲ್ಲ.

"ನೀವು ಹೇಳಿ, ನಾನು ಪಾಡ್‌ಕಾಸ್ಟ್ ಮಾಡ್ತೀನಿ. ಅಂದ್ರೆ ರೇಡಿಯೊದ ಮಾತೇ, ಫೋನಿಗೆ ಹೋಗತ್ತೆ. ಅವ್ರಿಗೆ ಪುರುಸೊತ್ತಾದಾಗ ಕೇಳ್ತಾರೆ. ಕಲಿಸ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ ಅಮ್ಮ."

"ಕೊಟ್ಟಾದ್ಮೇಲೆ ಕೇಳಕ್ಕೆ ಬಂದ್ಯಾ?" ಎಂದು ನಕ್ಕು ಹೊಲಿಗೆಯಮ್ಮ ಒಪ್ಪಿಕೊಂಡಳು.

ಆರು ಪಾಠಗಳಾದವು. ದಾರದ ತುದಿಯನ್ನು ಒದ್ದೆಮಾಡಿ ಎರಡು ಬೆರಳ ನಡುವೆ ಕಾಣದಂತೆ ಹಿಡಿದು, ಸೂಜಿಯ ಕಣ್ಣನ್ನೇ ಅದರ ಮೇಲೆ ತರಬೇಕು. ಮಡಿಕೆಯ ಅಗಲವನ್ನು ಉಗುರಿನಿಂದ ಅಳೆಯಬೇಕು. ಗೇಟಿನೀಚೆ ರೇಡಿಯೊದಲ್ಲಿ ಕೇಳಿದವರು ಹೊಗಳಿದ್ದೇ ಹೊಗಳಿದ್ದು. ಪರೀಕ್ಷೆಗೆ ನಾಲ್ಕೇ ದಿನ ಇದ್ದಾಗ ಹಾಸ್ಟೆಲಿನಿಂದ ಸುದ್ದಿ ಬಂತು: ಬೆರಳೆಲ್ಲ ಚುಚ್ಚಿಕೊಂಡಿದ್ದೇವೆ, ಒಂದು ಹೊಲಿಗೆಯೂ ಬಂದಿಲ್ಲ.

ಬುಗುರಿ ಏದುಸಿರು ಬಿಡುತ್ತ ಓಡಿಬಂದಳು. "ನನ್ ಮಾತು ನೀರಿಗೆ ಬಿತ್ತಲ್ಲ ಅಮ್ಮ!"

"ಅವ್ರಿಗೆ ಕಳಿಸಿದ್ದನ್ನ ನಂಗೂ ಕೇಳ್ಸು."

ಹೊಲಿಗೆಯಮ್ಮ ಫೋನನ್ನು ಕಿವಿಗೆ ಹಿಡಿದು ಕೊನೆಯವರೆಗೂ ಕೇಳಿದಳು. ದನಿ ತನ್ನದೇ. ಆದರೆ ಯಾರೋ ಬೆನ್ನಟ್ಟಿದಂತೆ ಓಡುತ್ತಿತ್ತು.

"ನಾನು ಸುಮ್ನಿದ್ದ ಜಾಗ ಎಲ್ಲಿ ಹೋಯ್ತೇ?"

"ಖಾಲಿ ಇತ್ತಲ್ಲ, ಕತ್ತರಿಸ್ದೆ. ರೇಡಿಯೊದಲ್ಲಿ ಪೂರ್ತಿ ಹೋಯ್ತು. ಫೋನಲ್ಲಿ ಖಾಲಿ ಬಂದ್ರೆ ಜನ ಮುಂದಕ್ಕೆ ಹಾರ್ತಾರೆ."

"ಖಾಲಿ ಅಲ್ವೇ ಅದು! ನಾನು ದಾರ ಪೋಣಿಸ್ತಿದ್ದೆ. ಅವ್ರೂ ಪೋಣಿಸ್ಬೇಡ್ವಾ? ಬಸ್ಸೇನು ಹೊರಡ್ತಿತ್ತಾ?"

ಬುಗುರಿಯ ಮೊಣಕಾಲು ನಿಂತಿತು. ಕತ್ತರಿಸದ ಮೂಲ ಪಾಠಗಳನ್ನು ಆಗಲೇ ಅಳಿಸಿಯಾಗಿತ್ತು.

ಅವತ್ತೇ ಹೊಸದಾಗಿ ಶುರುಮಾಡಿದರು. ಹೊಲಿಗೆಯಮ್ಮ ಮೊದಲು ಬೀಗದ ಕೈ ಗೊಂಚಲನ್ನು ಬಿಚ್ಚಿಸಿ ಅಡುಗೆಮನೆಯಲ್ಲಿಟ್ಟಳು. ಬಳಿಕ ಬುಗುರಿಯ ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಸೂಜಿ ಕೊಟ್ಟಳು. ಇವಳ ದಾರ ಸೂಜಿ ಹೊಕ್ಕ ಮೇಲೆಯೇ ಮುಂದಿನ ಮಾತು. ಬುಗುರಿ ಚಡಪಡಿಸಿದಳು, ಹೆಬ್ಬೆರಳು ಚುಚ್ಚಿಕೊಂಡಳು, "ಅಯ್ಯೋ" ಎಂದು ಎರಡು ಸಲ ಪಾಠ ಕೆಡಿಸಿದಳು. ಹೊರಗೆ ಯಾವುದೋ ಗಾಡಿ ಹಾರನ್ ಬಾರಿಸಿದರೆ ಇಡೀ ಮೈ ಬಾಗಿಲ ಕಡೆ ವಾಲುತ್ತಿತ್ತು. ದಾರ ಪೋಣಿಸಲು ಅವಳಿಗೆ ಹನ್ನೊಂದು ಎಣಿಸುವಷ್ಟು ಹೊತ್ತು ಬೇಕಾಯಿತು. ಅಷ್ಟನ್ನೂ ಹಾಗೇ ಇಟ್ಟು ಕಳಿಸಿದಳು.

ಪರೀಕ್ಷೆಯಲ್ಲಿ ಐವರು ಗೆದ್ದರು. ಮಿಕ್ಕ ಇಬ್ಬರಿಗೆ ಮತ್ತೊಮ್ಮೆ ಪ್ರಯತ್ನಿಸಲು ವಾರದ ಗಡುವು ಸಿಕ್ಕಿತು. ಕೇಳಿದವಳೇ ಬುಗುರಿ ಬಸ್ ಹತ್ತಿ ಹಾಸ್ಟೆಲಿಗೆ ಹೋದಳು.

ಮಧ್ಯಾಹ್ನ ಹೊಲಿಗೆಯಮ್ಮನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಪಿಸುಮಾತು. ಬೀಗದ ಕೈ ಸದ್ದಿಲ್ಲ.

"ಅಮ್ಮ, ಒಬ್ಳಿಗೆ ಬಂತು. ಇನ್ನೊಬ್ಳ ದಾರ ಇನ್ನೂ ಹೋಗಿಲ್ಲ. ನಲವತ್ತು ಎಣಿಸ್ದೆ, ನನ್ ಕೈ ತುರಿಸ್ತಿದೆ. ಇನ್ನೂ ಸುಮ್ನಿರ್ಲಾ?"