ಪೆಟ್ಟು ತಿನ್ನುವ ಕೆಲಸ

ಆಳು ಎತ್ತರ, ಎದೆ ಅಗಲ, ಮಾತು ಕಮ್ಮಿ. ಅದಕ್ಕೇ ಕಾರ್ಖಾನೆಯವರೆಲ್ಲ ಅವನನ್ನು ಬಂಡೆ ಅನ್ನುತ್ತಿದ್ದರು. ಹನ್ನೊಂದು ವರ್ಷ ಫೋಮ್ ಹಾಳೆಗಳನ್ನು ಲಾರಿಗೆ ಹೇರಿದವನನ್ನು ಮಾಲೀಕ ಒಂದು ದಿನ ಕರೆದು ಹೊಸ ಕೆಲಸ ಕೊಟ್ಟ: ಗಿರಾಕಿಗಳ ಮುಂದೆ ನಿಂತು ಹೊಡೆಸಿಕೊಳ್ಳುವುದು. ಮಾಲೀಕ ಬೇರೆ ಯಾರೂ ಅಲ್ಲ, ಬಂಡೆಯ ಹೆಂಡತಿಯ ಸ್ವಂತ ಅಣ್ಣ.

ಕಾರ್ಖಾನೆ ಆಗಷ್ಟೇ ಮಾರಲು ತೆಗೆದಿದ್ದ ಹೊಸ ಫೋಮು ವಿಚಿತ್ರದ್ದು. ಹತ್ತಿಯಷ್ಟು ಹಗುರ. ಬೇರೆ ಯಾವುದೇ ರಬ್ಬರು ಎಳೆದರೆ ಸಣ್ಣಗಾಗುತ್ತದೆ. ಇದು ಎಳೆದಷ್ಟೂ ಅಗಲವಾಗುತ್ತಿತ್ತು. ಹೊಡೆದರೆ ಅಕ್ಕಪಕ್ಕದ್ದೆಲ್ಲ ಪೆಟ್ಟು ಬಿದ್ದ ಜಾಗಕ್ಕೇ ಓಡಿಬಂದು ಗಟ್ಟಿಯಾಗುತ್ತಿತ್ತು. ತಗ್ಗು ಬಿತ್ತೋ, ಬಿಸಿನೀರಿಗೆ ಅದ್ದಿದರಾಯಿತು, ಮೊದಲಿನ ಆಕಾರಕ್ಕೆ ಮರಳುತ್ತಿತ್ತು. ಅದರ ಎದೆಗವಚ ತೊಟ್ಟು ಬಂಡೆ ಕೈಯೆತ್ತಿ ನಿಂತರೆ ಭಾವ ಕಬ್ಬಿಣದ ಸಲಾಕೆಯಿಂದ ಬಾರಿಸುತ್ತಿದ್ದ.

"ನೋಡಿ ಸ್ವಾಮಿ, ನಮ್ಮ ತಂಗಿ ಗಂಡ. ಹೆಚ್ಚುಕಮ್ಮಿ ಆದ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸ್ತಾಳಾ?"

ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ಬಂಡೆಯೂ ನಗಬೇಕಿತ್ತು, ಅದೂ ಕೆಲಸದ ಭಾಗವೇ.

ಮೊದಲ ತಿಂಗಳು ಬೆನ್ನು ತಟ್ಟಿದಷ್ಟೇ ಅನ್ನಿಸಿತು. ಆಮೇಲೆ ಸ್ನಾನದ ನೀರು ಬಿದ್ದರೂ ಪಕ್ಕೆ ಚುರುಗುಟ್ಟತೊಡಗಿತು. ಹೊಡೆಸಿಕೊಳ್ಳಲು ಕೊಟ್ಟಿದ್ದದ್ದು ಒಂದೇ ಕವಚ. ಅದ್ದಿ ಅದ್ದಿ ಹಳದಿಗಟ್ಟಿತ್ತು. ಕಣ್ಣಿಗೆ ಆಕಾರ ನೆಟ್ಟಗೇ ಕಾಣುತ್ತಿತ್ತು, ಆದರೆ ಪೆಟ್ಟು ಬಿದ್ದಲ್ಲಿಗೆ ಫೋಮು ಮೊದಲಿನ ಹಾಗೆ ಕೂಡುತ್ತಿರಲಿಲ್ಲ.

"ಭಾವ, ಇದು ಸವೆದುಹೋಗಿದೆ. ಬೇರೆ ಕೊಡಿ."

"ಹೊಸದು ಮಾರೋಕೆ ಕಣಯ್ಯ, ನಿನ್ನ ಸಿಂಗಾರಕ್ಕಲ್ಲ."

ಮನೆಯಲ್ಲಿ ಹೆಂಡತಿ ಪಕ್ಕೆಗೆ ಎಣ್ಣೆ ಸವರುತ್ತಾ ಹೇಳಿದಳು: "ಅಣ್ಣನ ಹತ್ರ ಜಗಳ ತೆಗೀಬೇಡಿ. ನಮಗೆ ಅನ್ನ ಹಾಕ್ತಿರೋನೇ ಅವನು."

ಮುಂದಿನ ವಾರ ದೊಡ್ಡ ಗಿರಾಕಿಯೊಬ್ಬ ಬಂದ. "ನೀವು ಮೆಲ್ಲಗೆ ಹೊಡೀತಿದ್ದೀರಿ, ಕೊಡಿ ಇಲ್ಲಿ," ಎಂದು ಕೈ ಚಾಚಿದ. ಭಾವ ಒಂದು ಕ್ಷಣ ತಡೆದು ಸಲಾಕೆ ಕೊಟ್ಟ. ಮೊದಲ ಪೆಟ್ಟಿಗೆ ಬಂಡೆ ನಕ್ಕ. ಎರಡನೆಯದಕ್ಕೆ ಒಳಗೆ ಏನೋ ಕಟಕ್ಕೆಂದಿತು. ಮೂರನೆಯದಕ್ಕೆ ಮಂಡಿಯೂರಿದ.

"ಕಾಲು ಜಾರ್ತು ಅವನಿಗೆ," ಎಂದ ಭಾವ, ಕವಚ ಬಿಚ್ಚಿ ಬಿಸಿನೀರಿಗೆ ಹಾಕಿದ. ತಗ್ಗು ಉಬ್ಬಿ ಸಮವಾಗುವುದನ್ನು ಗಿರಾಕಿಯೂ ಅವನ ಜೊತೆಯವರೂ ತೊಟ್ಟಿಯ ಸುತ್ತ ನಿಂತು ನೋಡಿ ಚಪ್ಪಾಳೆ ತಟ್ಟಿದರು. ಅವರ ಬೆನ್ನ ಹಿಂದೆ ಬಂಡೆ ನೆಲದ ಮೇಲೆ ರಕ್ತ ಉಗುಳುತ್ತಿದ್ದ.

ಮೂರು ಪಕ್ಕೆಲುಬು ಮುರಿದು, ಒಂದು ಶ್ವಾಸಕೋಶಕ್ಕೆ ಚುಚ್ಚಿತ್ತು. ಬದುಕಿದ. ಆದರೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಭಾವ ಅವನನ್ನು ಬಿಸಿನೀರಿನ ತೊಟ್ಟಿಯ ಬಳಿ ಕೂರಿಸಿ, "ಮನೆಯವನನ್ನ ಕೈಬಿಡೋಕಾಗುತ್ತಾ?" ಎಂದು ಎಲ್ಲರಿಗೂ ಕೇಳುವಂತೆ ಅಂದ.

ಪೆಟ್ಟು ತಿನ್ನಲು ಗೇಟಿನ ಕಾವಲುಗಾರ ಒಪ್ಪಿಕೊಂಡ; ಐವತ್ತು ದಾಟಿದವನು. ಮೊದಲ ದಿನ ಕವಚದೊಳಗೆ ತೋಳು ತೂರಿಸುತ್ತಾ ಮೆಲ್ಲಗೆ ಕೇಳಿದ: "ಇದು ಆ ಹಳೇದಲ್ಲ ತಾನೇ, ತಮ್ಮಾ?"

ಅದೇ ಕವಚ. ಬೆಳಿಗ್ಗೆ ನೀರಿನಿಂದ ಎತ್ತಿದ್ದೇ ಬಂಡೆ. ನಿಜ ಹೇಳಿದರೆ ಈ ಮುದುಕ ಗೇಟಿಗೆ ಮರಳುತ್ತಾನೆ, ಕವಚ ಮತ್ತೆ ತನ್ನ ಎದೆಗೇ ಬರುತ್ತದೆ.

"ಹೊಸದೇ," ಎಂದ ಬಂಡೆ, ಮತ್ತು ಬೆನ್ನಿನ ಪಟ್ಟಿಯನ್ನು ತಾನೇ ಎಳೆದು ಬಿಗಿದ.